ಪಕ್ಕೆಗೆ ಸಿಲಿಂಡರ್ ಕಟ್ಟುವ ನಿಝಾರ್

ಬೆಳಗ್ಗೆ ಆರು ಗಂಟೆ. ಮುಂಡಾಜೆಯ ಕಿಂಡಿ ಅಣೆಕಟ್ಟಿನ ಮೇಲೆ ನಿಂತು ನಿಝಾರ್ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾರೆ. ಹಗ್ಗದ ಇನ್ನೊಂದು ತುದಿ ಹೆಂಡತಿ ರಶೀನಾ ಕೈಯಲ್ಲಿದೆ. ಬೇರೆ ಯಾರು ಹಿಡಿದರೂ ಅವರು ನೀರಿಗೆ ಇಳಿಯುವುದಿಲ್ಲ. ದಡದಲ್ಲಿ ಪ್ರೇಮಾವತಿ ಕುಳಿತು ಇಂದಿಗೆ ಮೂರನೆಯ ದಿನ. ಮಳೆಗಾಲಕ್ಕೆ ಮುಂಚೆ ಅಣೆಕಟ್ಟಿನ ಕಿಂಡಿಗಳಿಗೆ ಅಡ್ಡ ಇಟ್ಟ ಹಲಗೆ ತೆಗೆಯಲು ಹೋದ ಅವರ ಗಂಡ ಲೋಕನಾಥ ಜಾರಿ ಬಿದ್ದವರು ಮೇಲೆ ಬಂದಿಲ್ಲ. ಬದುಕಿಲ್ಲವೆಂದು ಆಕೆಗೂ ಗೊತ್ತು, ದೇಹವಾದರೂ ಸಿಗಲಿ ಎಂದು ಕಾಯುತ್ತಿದ್ದಾರೆ.

ನಿಝಾರ್ ಇಂದು ಬರಿಯ ಉಸಿರು ಕಟ್ಟಿಕೊಂಡು ಮುಳುಗಬೇಕು. ಗಾಳಿಯ ಸಿಲಿಂಡರ್ ಅವರಿಗೆ ಇಲ್ಲವೆಂದಲ್ಲ. ಅದು ಸರ್ಕಾರಿ ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದೆ.

ಬಿ.ಸಿ.ರೋಡಿನಲ್ಲಿ ಬಸ್ಸು, ರಿಕ್ಷಾಗಳ ಸೀಟು ಹೊಲಿಯುವ ನಿಝಾರ್ ಹಿಂದೆ ಆರು ವರ್ಷ ಶಾರ್ಜಾದಲ್ಲಿ ನೀರಿಗಿಳಿದು ಹಡಗಿನ ತಳ ಉಜ್ಜಿದವರು. ಅಲ್ಲಿಂದ ತಂದ ಹಳೆಯ ಸಿಲಿಂಡರನ್ನು ಅವರು ಬೆನ್ನಿಗೆ ಹಾಕುವುದಿಲ್ಲ. ಲಾರಿಯ ಸೀಟ್ ಬೆಲ್ಟ್ ಹೊಲಿದು ಎಡಗಡೆ ಪಕ್ಕೆಗೆ ಕಟ್ಟುತ್ತಾರೆ. ಭಾರಕ್ಕೆ ರೆಕ್ಸಿನ್ ಪಟ್ಟಿಯೊಳಗೆ ಬೀಸುಬಲೆಯ ಸೀಸದ ಗುಂಡುಗಳು. ಕಾಲಿಗೆ ಈಜುವ ರೆಕ್ಕೆ ಇಲ್ಲವೇ ಇಲ್ಲ.

“ರೆಕ್ಕೆ ಬಡಿದರೆ ಕೆಸರು ಏಳ್ತದೆ, ಮತ್ತೆ ಏನೂ ಕಾಣುವುದಿಲ್ಲ. ನಾನು ಅಡಿಯಲ್ಲಿ ನಡೆದು ಕಾಲಲ್ಲೇ ಹುಡುಕುವುದು. ಕಿಂಡಿ ಇಕ್ಕಟ್ಟು ಉಂಟಾದರೆ ಸಿಲಿಂಡರ್ ಬಿಚ್ಚಿ ಮುಂದೆ ನೂಕ್ತೇನೆ, ಹಿಂದಿನಿಂದ ನಾನು ಹೋಗ್ತೇನೆ,” ಎನ್ನುತ್ತಾರೆ.

ಹೀಗೆ ಹನ್ನೆರಡು ವರ್ಷಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೊಳೆ, ಕೆರೆ, ಕಲ್ಲುಕೋರೆಗಳಿಂದ ನಲವತ್ತೊಂದು ದೇಹಗಳನ್ನು ಮನೆಯವರಿಗೆ ಒಪ್ಪಿಸಿದ್ದಾರೆ. ನಾಲ್ವರನ್ನು ಜೀವಂತವಾಗಿ ತಂದಿದ್ದಾರೆ. ಒಂದು ಹಾರ ಹಾಕುವವರು ಬೇಡ, ಕೆಲಸ ಮಾಡಲು ಬಿಡುವವರಾದರೂ ಬೇಡವೇ?

ಕಳೆದ ಚಳಿಗಾಲ ಒಬ್ಬ ಅಧಿಕಾರಿ ಬಂದು, ಪಕ್ಕೆಗೆ ಕಟ್ಟುವ ಕ್ರಮ ನಿಯಮದಲ್ಲಿಲ್ಲ ಎಂದು ಎಲ್ಲವನ್ನೂ ಜೀಪಿಗೆ ತುಂಬಿಸಿಕೊಂಡು ಹೋದರು. ಆ ಮಹಾಶಯರು ಮೊಣಕಾಲುದ್ದದ ನೀರಿಗಾದರೂ ಇಳಿದವರೇ? ಮೊನ್ನೆ ಲೋಕನಾಥ ಬಿದ್ದ ಸುದ್ದಿ ಬಂದ ಕೂಡಲೇ ನಿಝಾರ್ ಕಚೇರಿಗೆ ಓಡಿದರು. ಅರ್ಜಿ ಕೊಟ್ಟು ಹೋಗಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರಂತೆ. ಕೇಳಿದರೆ ಮೈ ಉರಿಯುತ್ತದೆ.

ಬದಲಿಗೆ ಕಚೇರಿ ಕಳಿಸಿದ ತಂಡದ ಸಲಕರಣೆ ಹೊಚ್ಚಹೊಸದು, ಫೋಟೋಕ್ಕೆ ಬಹಳ ಚೆಂದ. ಆದರೆ ಬೆನ್ನಿನ ಸಿಲಿಂಡರ್ ಕಿಂಡಿಯ ಬಾಯಿಯಲ್ಲೇ ತಡೆಯಿತು. ತಂಡದವರನ್ನು ದೂರಿ ಫಲವಿಲ್ಲ, ಕೊಟ್ಟದ್ದನ್ನು ಕಟ್ಟಿಕೊಂಡು ಇಳಿದರು. ತಂಡ ಇರುವಷ್ಟು ಹೊತ್ತು ಬೇರೆಯವರು ಇಳಿಯಕೂಡದು ಎಂಬ ಅಪ್ಪಣೆ ಬೇರೆ. ಎರಡು ದಿನ ನಿಝಾರ್ ದಡದಲ್ಲಿ ಕೈಕಟ್ಟಿ ನಿಂತರು. ನಿನ್ನೆ ಸಂಜೆ ತಂಡ ವಾಪಸು ಹೋಯಿತು.

ಈಗ ನಿಝಾರ್ ಅವರಿಗಿರುವುದು ಒಂದೂವರೆ ನಿಮಿಷದ ಉಸಿರು. ನಾಲ್ಕು ಬಾರಿ ಮುಳುಗಿ ಬರಿಗೈಯಲ್ಲಿ ಬರುತ್ತಾರೆ. ಮೂಗಿನಿಂದ ರಕ್ತ ಇಳಿಯುತ್ತಿದೆ. ಸಾಕೆಂದು ರಶೀನಾ ಬೈಯುತ್ತಾರೆ, ಬೈಯುತ್ತಲೇ ಹಗ್ಗ ಸಡಿಲ ಬಿಡುತ್ತಾರೆ. ಐದನೆಯ ಬಾರಿ ಹಗ್ಗ ಮೂರು ಸಲ ಜಗ್ಗುತ್ತದೆ. ಸಿಕ್ಕಿದರೆ ಮಾತ್ರ ಮೂರು.

ಲೋಕನಾಥರನ್ನು ದಡದಲ್ಲಿ ಮಲಗಿಸಿದ ಮೇಲೆ ಪ್ರೇಮಾವತಿ ಗಂಡನ ಮುಖದ ಕೆಸರನ್ನು ಸೆರಗಿನಿಂದ ಒರೆಸುತ್ತಾರೆ. ನೀರಲ್ಲಿ ಎರಡು ದಿನ ಉಬ್ಬಿದ ಮುಖ ಅದು. ನೋಡಲಾಗದೆ ನಿಝಾರ್ ಆಚೆ ತಿರುಗುತ್ತಾರೆ.

ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳಿದರೆ ನಿಝಾರ್ ಸೊಂಟದ ಹಗ್ಗ ಬಿಚ್ಚತೊಡಗುತ್ತಾರೆ.

“ತಂದದ್ದು ನಾನು ಅಂತ ದೊಡ್ಡದು ಮಾಡಬೇಡಿ,” ಎನ್ನುತ್ತಾರೆ. “ಸಿಲಿಂಡರ್ ಕೈಯಲ್ಲಿದ್ದಿದ್ದರೆ ಮೊದಲನೇ ದಿನವೇ ತರ್ತಿದ್ದೆ. ಆ ಅಕ್ಕನಿಗೆ ಗಂಡನ ಮುಖ ಮುಖದ ಹಾಗೇ ಕಾಣ್ತಿತ್ತು. ಅದನ್ನು ಬರೆಯಿರಿ.”