ದಾನವ್ವನವರ ನಾಲ್ಕು ಗಿಡ

ಕೆನಡಾದ ಪೋರ್ಟ್ ಕ್ರೆಡಿಟ್ಟಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ದಾನವ್ವನವರಷ್ಟು ಹಠಮಾರಿ ಇನ್ನೊಬ್ಬರಿಲ್ಲ. ಗಟಿನೋದಲ್ಲಿರುವ ಬಸುರಿ ಮಗಳು ನೀಲಾಂಬಿಕಾ, ಹುಳಿಸೊಪ್ಪಿನ ಪುಂಡಿಪಲ್ಲೆ ತಿನ್ನಬೇಕೆಂದು ಫೋನಿನಲ್ಲಿ ಅತ್ತಳಂತೆ. ಈಕೆ ಹುಬ್ಬಳ್ಳಿಯಿಂದ ಬೀಜ ತರಿಸಿ, ಹಿತ್ತಲಲ್ಲಿ ಹನ್ನೊಂದು ಕುಂಡ ಇಟ್ಟೇಬಿಟ್ಟರು. ಬಯಕೆಯ ವಸ್ತುವಿನ ಹೆಸರೆತ್ತಿದರೆ ದೃಷ್ಟಿ ತಾಕುತ್ತದೆಂದು ಮಗನಿಗೂ ಹೇಳಲಿಲ್ಲ.

ತೊಂದರೆಯೆಂದರೆ, ಪುಂಡಿಯ ಎಲೆ ನೋಡಲು ಥೇಟ್ ಗಾಂಜಾ ಎಲೆ. ಮಗ ಅಮರೇಶ ಪುಂಡಿಯನ್ನು ತಾಟಿನಲ್ಲಿ ಕಂಡವನು, ಗಿಡದಲ್ಲಿ ಕಂಡವನಲ್ಲ. ಖಾಲಿ ರಸ್ತೆಯಲ್ಲೂ ಸ್ಪೀಡ್ ಲಿಮಿಟ್ ದಾಟದ ಪುಕ್ಕಲ ಬೇರೆ. ಅವ್ವ ಮೊಣಕಾಲು ನೋವಿಗೆ ಗಾಂಜಾದ ದಾರಿ ಹಿಡಿದಳೆಂದು ಒಳಗೊಳಗೇ ಕುದ್ದ.

"ಅವ್ವಾ, ಒಂಟಾರಿಯೋದಾಗ ಒಂದ್ ಮನಿಗೆ ನಾಕ ಗಿಡ ಅಷ್ಟ ಲೀಗಲ್ಲು," ಎಂದನಂತೆ, ಗಾಂಜಾದ ಹೆಸರೆತ್ತದೆ.

ಹುಲ್ಲು ಎಷ್ಟುದ್ದ ಇರಬೇಕು, ಕಸ ಯಾವ ದಿನ ಇಡಬೇಕು ಎಂದೆಲ್ಲ ಹೇಳುವ ಊರು ಪುಂಡಿಯನ್ನೂ ಎಣಿಸಿದರೆ ದಾನವ್ವನವರಿಗೆ ಆಶ್ಚರ್ಯವೇನು? ನಾಲ್ಕು ಇಟ್ಟುಕೊಂಡು, ನಾಲ್ಕನ್ನು ನನ್ನ ತಲೆಗೆ ಕಟ್ಟಿದರು, ಮೂರನ್ನು ಎದುರುಮನೆಯ ಶೇಖಪ್ಪನವರಿಗೆ ಕೊಟ್ಟರು. ನಾವೂ ಏನೂ ಕೇಳಲಿಲ್ಲ.

ಶನಿವಾರ ಹಳೇ ಸೀರೆ ಮುಚ್ಚಿದ ನಾಲ್ಕು ಕುಂಡಗಳೊಂದಿಗೆ ತಾಯಿ ಮಗ ಹೊರಟರು. ಐದು ತಾಸು ಅಮರೇಶ ಕನ್ನಡಿಯಲ್ಲಿ ಹಿಂದಿನ ಕಾರುಗಳನ್ನೇ ನೋಡುತ್ತ ಓಡಿಸಿದ. ಒಟ್ಟಾವಾದಲ್ಲಿ, ಗಟಿನೋಗೆ ದಾಟುವ ನದಿಯ ಸೇತುವೆಗೆ ಮುಂಚೆ ಕಾರು ನಿಲ್ಲಿಸಿ ಬೆವರು ಒರೆಸಿಕೊಂಡ. ಮುಂದಿನದನ್ನು ನನಗೆ ಹೇಳಿದವನು ಅವನೇ.

"ಅವ್ವಾ, ಆ ಕಡೆ ಕ್ವೆಬೆಕ್, ಬ್ಯಾರೆ ಕಾನೂನು. ಅಲ್ಲಿ ಮನ್ಯಾಗ ಒಂದ್ ಗಿಡಾನೂ ಇಡಂಗಿಲ್ಲ. ಇಲ್ಲೇ ಬಿಟ್ಟ ಹೋಗೂಣು."

"ನಾಕು ಅಂದ್ರ ಕೇಳಿದೆ. ಈಗ ಒಂದೂ ಇಲ್ಲಂದ್ರ? ಬಸರಿ ಹೆಂಗಸು ತಿನ್ನೂದಕ್ಕ ಇವರದೇನು ಅಡ್ಡಿ?"

"ಏನು! ನೀಲಾ ಗಾಂಜಾ ತಿಂತಾಳೇನು?"

ದಾನವ್ವನವರು ಮಗನ ಮುಖವನ್ನೇ ನೋಡಿದರು. ಹಿಂದಕ್ಕೆ ಕೈಚಾಚಿ ಎಲೆಯೊಂದನ್ನು ಹರಿದು ಅವನ ಬಾಯಿಗೆ ತುರುಕಿದರು. "ಅಗಿ, ಮೂಳಾ!"

ಹುಳಿಗೆ ಅಮರೇಶನ ಕಣ್ಣು ಮುಚ್ಚಿಹೋಯಿತು. "ಪುಂಡಿ..."

"ತಿಂಗಳಗಟ್ಲೆ ನಿಮ್ಮವ್ವ ಗಾಂಜಾ ಬೆಳೀತಾಳಂತ ತಿಳಕೊಂಡಿದ್ದೇನಲೇ?"

"ಹೂಂ."

"ಮತ್ತ ಇಲ್ಲೀತನಕ ಯಾಕ ಕರಕೊಂಡ ಬಂದಿ? ಪೊಲೀಸರು ಹಿಡಿದಿದ್ರ?"

"ನಾ ಒಲ್ಲೆ ಅಂದ್ರ ನೀ ಬಸ್ಸಿಗರೆ ಹೋಗ್ತೀನಿ ಅಂದಿದ್ದೆಲ್ಲ. ಹಿಡದ್ರ ಇಬ್ಬರನ್ನೂ ಹಿಡೀಲಿ ಅಂತ ಬಂದೆ."

ದಾನವ್ವನವರು ಸೆರಗಿನಿಂದ ಮಗನ ಬಾಯಿ ಒರೆಸಿ, ಕಾರು ಬಿಡು ಎಂದು ಸನ್ನೆ ಮಾಡಿದರು.