ಮೂಸಿ ನೋಡುವ ಮೇಷ್ಟ್ರು

ರಾಮಗಿರಿಯ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮರುಳಸಿದ್ದಪ್ಪ ಮೇಷ್ಟ್ರು ಹೊಸದುರ್ಗದ ಕಡೆಯವರು. ಯಾರನ್ನೂ ನಂಬುತ್ತಿರಲಿಲ್ಲ. ಮಳೆ ಬಂತು ಅಂದರೂ ಕಿಟಕಿಯಿಂದ ಕೈ ಚಾಚಿ ನೋಡುವ ಆಸಾಮಿ. ನಮ್ಮ ನೋಟುಬುಕ್ಕುಗಳನ್ನಂತೂ ಓದುವ ಮೊದಲು ಮೂಸುತ್ತಿದ್ದರು. ಗೈಡು ನೋಡಿ ಬರೆದದ್ದಕ್ಕೆ ಬೇರೆಯೇ ವಾಸನೆ ಇರುತ್ತದಂತೆ!

ಎಪ್ಪತ್ನಾಲ್ಕರಲ್ಲಿ ನಾನು ಹತ್ತನೇ ತರಗತಿ. ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ‘ಹ್ಯಾಡ್ ಸ್ಮೆಲ್ಟ್’ ಎಂದು ಬರೆದರು. ಇನ್ನೊಂದು ಕೆಲಸಕ್ಕೆ ಮೊದಲೇ ಮೂಸಿ ಆಗಿತ್ತು ಅನ್ನುವಾಗ ಹೀಗೆ ಹೇಳಬೇಕು, ನಾಳೆ ಒಂದೊಂದು ವಾಕ್ಯ ಬರೆದು ತನ್ನಿ ಅಂದರು. ನಾನು ಬರೆದೆ: ‘ದಿ ಮದರ್ ಶೀಪ್ ಹ್ಯಾಡ್ ಸ್ಮೆಲ್ಟ್ ದಿ ಲ್ಯಾಂಬ್ ಬಿಫೋರ್ ಶಿ ಗೇವ್ ಮಿಲ್ಕ್.’ ತಾಯಿಕುರಿ ಹಾಲು ಕೊಡುವ ಮೊದಲು ಮರಿಯನ್ನು ಮೂಸಿತ್ತು, ಅಷ್ಟೇ.

ಮೇಷ್ಟ್ರು ಮೂಸಿದರು, ಓದಿದರು, ಮತ್ತೆ ಮೂಸಿದರು.

“ಓಬಮ್ಮ, ಯಾರು ಬರ್ಕೊಟ್ರು?”

“ನಾನೇ ಸಾರ್.”

“ಕುರಿ ಕಾಯೋರ ಮನೆಗೆ ಈ ಇಂಗ್ಲಿಷ್ ಎಲ್ಲಿಂದ ಬಂತು? ನಿಜ ಹೇಳೋ ತನಕ ನಿನ್ನ ಪರೀಕ್ಷೆ ಅರ್ಜಿಗೆ ಸಹಿ ಹಾಕಲ್ಲ.”

ನನಗೆ ಮೈಯೆಲ್ಲ ಉರಿಯಿತು. ಅರ್ಜಿ ಹೋಗದಿದ್ದರೆ ಪರೀಕ್ಷೆಯಿಲ್ಲ. ಹೆಣ್ಣುಹುಡುಗಿಯನ್ನು ಇನ್ನೊಂದು ವರ್ಷ ಶಾಲೆಗೆ ಕಳಿಸುವ ಮಾತೇ ನಮ್ಮ ಹಟ್ಟಿಯಲ್ಲಿರಲಿಲ್ಲ. ಅಪ್ಪ ಸಣ್ಣತಿಮ್ಮಪ್ಪನಿಗೆ ಎಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ನಮ್ಮ ಕುರಿರೊಪ್ಪದಲ್ಲಿ ಆಗಷ್ಟೇ ಹುಟ್ಟಿದ ಮರಿಯೊಂದು ಸತ್ತಿತು. ಅಪ್ಪ ನೇರ ಮೇಷ್ಟ್ರ ಮನೆಗೆ ಹೋಗಿ ಅವರನ್ನು ಕರೆತಂದ. ಬಂದರು, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ಅಪ್ಪ ಸತ್ತ ಮರಿಯ ತೊಗಲು ಸುಲಿದು, ಅದರ ವಾಸನೆ ಬರಲೆಂದು ತಾಯಿಯಿಲ್ಲದ ಇನ್ನೊಂದು ಮರಿಗೆ ಅಂಗಿಯ ಹಾಗೆ ತೊಡಿಸಿ, ಮರಿ ಕಳೆದುಕೊಂಡ ಕುರಿಯ ಮುಂದೆ ಬಿಟ್ಟ. ಕುರಿ ಹಿಂದೆ ಸರಿಯಿತು. ಬಾಲದ ಬುಡ ಮೂಸಿ ಮುಖ ತಿರುಗಿಸಿತು. ಮತ್ತೆ ಮೂಸಿತು. ಆಮೇಲೆ ಅಲ್ಲಾಡದೆ ನಿಂತಿತು, ಮರಿ ಕೆಚ್ಚಲಿಗೆ ಬಾಯಿ ಹಾಕಿತು.

“ಇದು ಮೋಸ ಅಲ್ಲೇನಪ್ಪ?” ಅಂದರು ಮೇಷ್ಟ್ರು.

“ಕುರಿಗೆ ಮೋಸನೇ ಸಾರ್. ಮರಿ ಬದುಕ್ತೈತಲ್ಲ. ನನ್ನ ಮಗಳು ಹುಟ್ಟಿದಾಗಿಂದ ಇದನ್ನೇ ನೋಡ್ಯಾಳೆ. ಇದು ಯಾವ ಗೈಡಿನಾಗೈತೆ ಹೇಳ್ರಿ?”

ಮೇಷ್ಟ್ರು ಚೀಲದಿಂದ ನನ್ನ ನೋಟುಬುಕ್ಕು ತೆಗೆದು, ಕರವಸ್ತ್ರ ಸರಿಸಿ, ಇನ್ನೊಮ್ಮೆ ಮೂಸಿದರು. ರೊಪ್ಪದ ವಾಸನೆಯೇ ಇತ್ತು, ಇನ್ನೇನಿರುತ್ತದೆ? ಅರ್ಜಿಯನ್ನೂ ಜೊತೆಗೇ ತಂದಿದ್ದರು! ಕಲ್ಲಿನ ಮೇಲಿಟ್ಟು ಸಹಿ ಹಾಕಿದರು. ನನ್ನ ಮುಖ ಮಾತ್ರ ನೋಡಲಿಲ್ಲ.

“ತಪ್ಪಾಯ್ತು ಅಂತ ಒಂದು ಮಾತೂ ಅನ್ಲಿಲ್ಲ” ಎಂದು ಅವರು ಹೋದ ಮೇಲೆ ನಾನು ಅತ್ತೆ.

“ಹೋಗ್ಲಿ ಬಿಡವ್ವ,” ಅಂದ ಅಪ್ಪ, “ಮೂಸದೆ ಯಾವ ಕುರಿ ಹಾಲು ಬಿಟ್ಟೈತೆ?”