ಚೆಂಡಿಲ್ಲದ ಬ್ಯಾಟು

ಅಪ್ಪನ ಬಲಗೈ ಮಣಿಕಟ್ಟು ಮುರಿದದ್ದು ಬೇಸ್‌ಬಾಲ್ ಬ್ಯಾಟಿನಿಂದ. ಜನಕಪುರಿಯಲ್ಲಿ, ನಮ್ಮ ಫ್ಲ್ಯಾಟಿನ ಕೆಳಗೆ, ಸಂಜೆ ತರಕಾರಿ ಗಾಡಿ ಬರುವ ಹೊತ್ತಿಗೆ. ದಿಲ್ಲಿಯಲ್ಲಿ ಬೇಸ್‌ಬಾಲ್ ಆಡುವವರನ್ನು ನಾನು ಅಲ್ಲಿಯವರೆಗೆ ಒಬ್ಬರನ್ನೂ ಕಂಡಿರಲಿಲ್ಲ. ಬ್ಯಾಟುಗಳನ್ನು ಮಾತ್ರ ಬೇಕಾದಷ್ಟು ಕಂಡಿದ್ದೆ. ಡ್ರೈವರ್ ಸೀಟಿನ ಪಕ್ಕ ಒರಗಿಸಿಟ್ಟದ್ದು, ಹಿಂದಿನ ಗಾಜಿನೊಳಗಿಂದ ಎಲ್ಲರಿಗೂ ಕಾಣಲಿ ಎಂದು ಅಡ್ಡ ಮಲಗಿಸಿದ್ದು. ಈ ಊರು ಆಟವನ್ನು ಅಮೆರಿಕದಲ್ಲೇ ಬಿಟ್ಟು ಹೊಡೆತವನ್ನಷ್ಟೇ ತರಿಸಿಕೊಂಡಿತ್ತು.

ಹೊಡೆದವನು ಮೇಲಿನ ಮನೆಯ ಹುಡುಗ. ಅವನ ತಂದೆಯನ್ನು ನಾವು ಅಂಕಲ್ ಎನ್ನುತ್ತಿದ್ದೆವು. ಗುಡಗಾಂವಿನ ಸಾಸಿವೆ ಹೊಲಗಳನ್ನು ಕಂಪನಿಗಳಿಗೆ ಕೊಡಿಸುವ ದಲ್ಲಾಳಿಯಾಗಿ ಅವರು ಕೆಲವೇ ವರ್ಷಗಳಲ್ಲಿ ನಮಗೆ ನೋಡಲು ಕತ್ತು ನೋಯುವಷ್ಟು ಮೇಲೇರಿದ್ದರು. ಮಗನಿಗೆ ಹೊಸ ಕಾರು ಬಂತು. ಕಾರಿಗೆ ಅಪ್ಪನ ಸ್ಕೂಟರಿನ ಜಾಗ ಬೇಕಾಯಿತು.

"ಮದ್ರಾಸಿ ಅಂಕಲ್, ಈ ಸ್ಕೂಟರನ್ನ ಮ್ಯೂಸಿಯಂಗೆ ಕಳಿಸಿ. ಇಲ್ಲಿ ನನ್ನ ಗಾಡಿ ನಿಲ್ಲುತ್ತೆ."

"ಬೇಟಾ, ನೀನು ಮೂರು ಚಕ್ರದ ಸೈಕಲ್ ತುಳಿಯೋ ಕಾಲದಿಂದ ಇಲ್ಲಿ ಇದೇ ನಿಂತಿದೆ" ಎಂದರು ಅಪ್ಪ.

ಹುಡುಗ ಕಾರಿನ ಡಿಕ್ಕಿ ತೆಗೆದು ಬ್ಯಾಟು ಎತ್ತಿಕೊಂಡ. ಮೊದಲ ಏಟು ಸ್ಕೂಟರಿನ ಹೆಡ್‌ಲೈಟಿಗೆ. ಅಪ್ಪ ತಡೆಯಲು ಕೈ ಚಾಚಿದರು. ಎರಡನೆಯದು ಗುರಿ ತಪ್ಪಿ ಕೈಗೆ ಬಿತ್ತೆಂದು ಆಮೇಲೆ ಅವರ ಮನೆಯವರು ವಾದಿಸಿದರು. ನಾನು ಬಾಲ್ಕನಿಯಲ್ಲಿದ್ದೆ. ಗುರಿ ತಪ್ಪಿರಲಿಲ್ಲ.

ಪೊಲೀಸರಿಗೆ ದೂರು ಕೊಡುವ ಮೊದಲೇ ರಾಜಿಯ ಮಾತು ಬಂತು. ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು ಸಿಗುವುದರಲ್ಲಿದೆ, ಅವನು ಬೇಸ್‌ಬಾಲ್ ಆಟಗಾರ, ಕೇಸಾದರೆ ಅವನ ಬಾಳು ಹಾಳು ಎಂದರು ಅಂಕಲ್. ಹುಡುಗ ಅಭ್ಯಾಸ ಮಾಡುತ್ತಿದ್ದಾಗ ಅಕಸ್ಮಾತ್ ಏಟು ತಗುಲಿತು ಎಂಬ ಕಾಗದಕ್ಕೆ ಭಾನುವಾರ ಸೊಸೈಟಿಯ ಕಮಿಟಿಯ ಮುಂದೆ ಅಪ್ಪ ಸಹಿ ಹಾಕಬೇಕು. ಅಲ್ಲಿಗೆ ಮುಗಿಯಿತು.

ಅಪ್ಪ ಒಪ್ಪಿದ್ದರು. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್, ನಿವೃತ್ತಿ ಹತ್ತಿರ. ನಾನು ಊಟದ ತಟ್ಟೆಯ ಮುಂದೆಯೇ ವಾದಕ್ಕಿಳಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಅಳಿಸಿದ ಬಾಯಿ ನನ್ನದು. ಅಪ್ಪ ಎಡಗೈಯಲ್ಲಿ ಸಾರನ್ನ ಕಲಸಲು ಹೆಣಗುತ್ತ ಹೇಳಿದರು, "ನಿನ್ನ ಡಿಬೇಟಿನಲ್ಲಿ ಗಂಟೆ ಹೊಡೆದ್ರೆ ಮುಗೀತು ಮಗಳೇ. ಕೋರ್ಟಿನಲ್ಲಿ ಗಂಟೆ ಹೊಡೆಯೋರೇ ಇರೋದಿಲ್ಲ."

"ಹಾಗಾದ್ರೆ ನಾಳೆ ಅವನು ಎಡಗೈ ಕೇಳ್ತಾನೆ. ಅದನ್ನೂ ಕೊಡ್ತೀರಾ?"

"ಊಟ ಮಾಡ್ತಿದ್ದಾರೆ, ಬಿಡು" ಎಂದರು ಅಮ್ಮ. ಅವರು ಕಲಸಿ ಕೊಡಲು ಕೈ ಚಾಚಿದರೆ ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡರು.

ಬೇಸ್‌ಬಾಲ್ ಎಂದರೇನೆಂದು ನಮ್ಮ ಬ್ಲಾಕಿನಲ್ಲಿ ಬಲ್ಲವಳು ನಾನೊಬ್ಬಳೇ. ಅದಕ್ಕೆ ಕಾರಣ ನನ್ನ ಕೆಲಸ. ಗುಡಗಾಂವಿನ ಕಾಲ್ ಸೆಂಟರಿನಲ್ಲಿ ನಾನು ಅಮೆರಿಕದ ಒಂದೇ ಒಂದು ಊರಿನ ಕಾರು ವಿಮೆಯ ಕರೆಗಳನ್ನು ತೆಗೆದುಕೊಳ್ಳುತ್ತಿದ್ದೆ. ಒಂದು ಕಾಲಕ್ಕೆ ಅದು ಉಕ್ಕಿನ, ಮೋಟಾರಿನ ಕಾರ್ಖಾನೆಗಳ ಊರು. ನಾನು ಹೆಡ್‌ಫೋನ್ ಹಾಕುವಷ್ಟರಲ್ಲಿ ಕಾರ್ಖಾನೆಗಳು ಮುಚ್ಚಿದ್ದವು, ಒಡೆದ ಕಾರಿನ ಗಾಜುಗಳು ಉಳಿದಿದ್ದವು. ಯಾವ ಬೀದಿಯಲ್ಲಿ ಚಕ್ರ ಕಳುವಾಗುತ್ತದೆ, ಯಾವ ಬೀದಿಯಲ್ಲಿ ಇಡೀ ಕಾರೇ ಹೋಗುತ್ತದೆ ಎಂದು ನನಗೆ ಕರೋಲ್‌ಬಾಗ್‌ಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಗೋಡೆಗಳು ಬೀಳುತ್ತಿದ್ದರೆ ನನ್ನ ಕಿಟಕಿಯಾಚೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಎರಡಕ್ಕೂ ಸಂಬಂಧವಿಲ್ಲ ಎಂದು ತರಬೇತಿ ಕೊಡುವ ಮೇಡಂ ಹೇಳಿದಾಗ ನಾನು ಅರ್ಧ ತರಗತಿ ಜಗಳವಾಡಿದ್ದೆ.

ಅದೇ ಮೇಡಂ ಬಿಳಿ ಬೋರ್ಡಿನ ಮೇಲೆ ವಜ್ರಾಕಾರದ ಮೈದಾನ ಬರೆದು ನಮಗೆ ಬೇಸ್‌ಬಾಲ್ ಉರು ಹೊಡೆಸಿದ್ದರು. ತಂಡಕ್ಕೆ ಒಂಬತ್ತು ಜನ, ಮೂರು ಸಲ ತಪ್ಪಿದರೆ ಔಟು. ಅವರೂ ಆಟ ನೋಡಿದವರಲ್ಲ. "ಗಿರಾಕಿ ಸಿಟ್ಟಾದ್ರೆ ನಿನ್ನೆ ಮ್ಯಾಚ್ ಹೇಗಿತ್ತು ಅಂತ ಕೇಳಿ. ಆ ಊರಲ್ಲಿ ಖುಷಿಗೆ ಉಳಿದಿರೋದು ಅದೊಂದೇ" ಎಂದಿದ್ದರು.

ನಾನು ಹಾಗೆ ಕೇಳಿ ಒಬ್ಬ ಮುದುಕನಿಂದ ಬೈಸಿಕೊಂಡೆ. ಮುಚ್ಚಿದ ಕಾರ್ಖಾನೆಯೊಂದರಲ್ಲಿ ದುಡಿದಿದ್ದವನು. "ನನ್ನ ಕಾರಿನ ಗಾಜು ಒಡೆದಿದೆ ಅಂತಿದೀನಿ, ನೀನು ಮ್ಯಾಚ್ ಕೇಳ್ತೀಯಲ್ಲ" ಎಂದ. ಆಮೇಲೆ ತಾನೇ ತಣ್ಣಗಾಗಿ ಹೇಳಿದ. ಬೀದಿಯ ಕೊನೆಯಲ್ಲಿ ಒಂದು ಶಾಲೆ ಮುಚ್ಚಿತ್ತಂತೆ. ಹುಡುಗರು ಅದರ ಆಟದ ಕೋಣೆಯ ಬೀಗ ಒಡೆದು ಬ್ಯಾಟುಗಳನ್ನೆಲ್ಲ ಹೊತ್ತೊಯ್ದರು. ಚೆಂಡು, ಗ್ಲೌಸುಗಳನ್ನು ಮುಟ್ಟಲಿಲ್ಲ. "ಅವತ್ತೇ ನನ್ನ ಹೆಂಡತಿಗೆ ಹೇಳಿದೆ, ಕಾರು ಒಳಗೆ ನಿಲ್ಲಿಸು ಅಂತ. ನನ್ನ ಮಾತು ಯಾರು ಕೇಳ್ತಾರೆ."

ಭಾನುವಾರ ಕಮಿಟಿಯ ರೂಮಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಅಂಕಲ್ ತರಿಸಿದ ಸಮೋಸ. ಕಾರ್ಯದರ್ಶಿ, ನಿವೃತ್ತ ಬ್ಯಾಂಕ್ ಅಧಿಕಾರಿ, ಕಾಗದ ಓದಿದರು. ನಾನು ಎದ್ದು ನಿಂತೆ.

"ಇವನು ಆಟಗಾರ ಅಂತ ಬರೆದಿದೆ. ಸಹಿಗೆ ಮುಂಚೆ ಇವನನ್ನ ಸ್ವಲ್ಪ ಕೇಳಬಹುದಾ?"

"ಬೇಟಿ, ದೊಡ್ಡವರು ಮಾತಾಡ್ತಿದ್ದಾರೆ" ಎಂದರು ಅಂಕಲ್.

"ಆಡೋನು ಚಿಕ್ಕೋನೇ ತಾನೆ ಅಂಕಲ್. ಅವನ ಹತ್ರಾನೇ ಮಾತಾಡ್ತೀನಿ." ಹುಡುಗನ ಕಡೆ ತಿರುಗಿದೆ. "ನಿಮ್ಮ ಟೀಮಲ್ಲಿ ಎಷ್ಟು ಜನ?"

"ಹನ್ನೊಂದು."

"ನೀನೇನು?"

"ಆಲ್‌ರೌಂಡರ್."

"ಅಚ್ಛಾ. ಬೇಸ್‌ಬಾಲ್‌ನಲ್ಲಿ ಓವರಿಗೆ ಎಷ್ಟು ಬಾಲು?"

ಅವನು ನನ್ನ ದಡ್ಡತನಕ್ಕೆ ನಕ್ಕ. "ಆರು, ದೀದಿ. ಅಷ್ಟೂ ಗೊತ್ತಿಲ್ವಾ?"

ನಾನು ಸಭೆಯ ಕಡೆ ತಿರುಗಿ, ಚಪ್ಪಾಳೆಗೆ ಬಿಡಬೇಕಾದಷ್ಟು ಬಿಡುವು ಬಿಟ್ಟೆ. "ಸರಿಯಾಗೇ ಹೇಳಿದನಲ್ಲ, ಆರೇ" ಎಂದರು ಕಾರ್ಯದರ್ಶಿ. ತಂಡಕ್ಕೆ ಒಂಬತ್ತೇ ಜನ, ಓವರೆಂಬುದೇ ಇಲ್ಲ ಎಂದು ನಾನು ವಿವರಿಸಿದೆ. "ಅದು ಅಮೆರಿಕದಲ್ಲಿ. ಇವರು ಆಡೋದು ಇಂಡಿಯನ್ ಬೇಸ್‌ಬಾಲು" ಎಂದರು ಅಂಕಲ್. ತಲೆಗಳು ಹೌದೌದೆಂದು ಆಡಿದವು. ನನ್ನ ಜೀವಮಾನದ ಅತ್ಯುತ್ತಮ ಸವಾಲು, ತೀರ್ಪುಗಾರರಿಲ್ಲದೆ ಸತ್ತುಹೋಯಿತು.

ಆಗ ಮುದುಕನ ಶಾಲೆಯ ಕೋಣೆ ನೆನಪಾಯಿತು.

"ಆಯ್ತು. ಅವತ್ತು ಪ್ರಾಕ್ಟೀಸ್ ಮಾಡ್ತಿದ್ದ ಚೆಂಡು ತೋರಿಸು."

"ಮನೇಲಿದೆ."

"ಮೇಲೇ ತಾನೆ ಮನೆ, ತಗೊಂಡು ಬಾ. ಗ್ಲೌಸೂ ತಗೊಂಡು ಬಾ. ಅದಿಲ್ದೆ ಹಿಡಿದ್ರೆ ಕೈ ಒಡೆಯುತ್ತೆ."

ಹುಡುಗ ತಂದೆಯ ಮುಖ ನೋಡಿದ. ಚೆಂಡು ಇದೆಯೋ ಇಲ್ಲವೋ ಎಂದು ತಿಳಿಯಲು ಯಾರಿಗೂ ಅಮೆರಿಕ ಬೇಕಿರಲಿಲ್ಲ. ನೆಲಮಹಡಿಯ ಮನೆಯ ಆಂಟಿ ಸಮೋಸ ಅಗಿಯುತ್ತಲೇ ಕೇಳಿದರು, "ಅರೇ, ಚೆಂಡಿಲ್ದೆ ಏನಾಡ್ತಿದ್ದೆ ಬೇಟಾ, ದಾಂಡಿಯಾನಾ?" ಹಿಂದಿನ ಸಾಲು ಪೂರ್ತಿ ನಕ್ಕಿತು. ಹುಡುಗನ ಕಿವಿ ಕೆಂಪಾದದ್ದನ್ನು ನಾನು ಬೇಕೆಂದೇ ಕಣ್ಣು ತುಂಬ ನೋಡಿದೆ.

"ಚಲೋ ಚಲೋ, ಮುಗಿಸೋಣ" ಎಂದು ಅಂಕಲ್ ಕಾಗದವನ್ನು ಅಪ್ಪನ ಮುಂದಕ್ಕೆ ತಳ್ಳಿದರು. ಬಲಗೈ ಪ್ಲಾಸ್ಟರಿನಲ್ಲಿತ್ತು. ಅಂಕಲ್ ಅದನ್ನೂ ಯೋಚಿಸಿಯೇ ಬಂದಿದ್ದರು. ಜೇಬಿನಿಂದ ಇಂಕ್ ಪ್ಯಾಡು ತೆಗೆದರು. "ಎಡಗೈ ಹೆಬ್ಬೆಟ್ಟು ಒತ್ತಿಬಿಡಿ ಭಾಯಿಸಾಬ್, ಸಾಕು."

ಅಪ್ಪ ಆ ಪ್ಯಾಡನ್ನು ನೋಡಿದರು. ಸರ್ಕಾರದ ದೊಡ್ಡ ದೊಡ್ಡವರ ಕರಡುಗಳನ್ನು ತಿದ್ದಿ ಮೇಲಕ್ಕೆ ಕಳಿಸಿದ್ದ ಮನುಷ್ಯ. ಕಾಗದವನ್ನು ಮೊದಲಿಂದ ಕೊನೆವರೆಗೆ ಇನ್ನೊಮ್ಮೆ ಓದಿ, "ಪೆನ್ನು ಕೊಡಿ" ಎಂದರು. ಸಹಿ ಹಾಕಿಯೇ ಬಿಡುತ್ತಾರೆ ಅಂದುಕೊಂಡು ಆ ಕ್ಷಣ ನನಗೆ ಅವರ ಮೇಲೂ ದ್ವೇಷ ಹುಟ್ಟಿತು. ಎಡಗೈಯಲ್ಲಿ, ಒಂದನೇ ತರಗತಿಯ ಮಗುವಿನಂತೆ ಸೊಟ್ಟಸೊಟ್ಟಗೆ, ಕಾಗದದ ಅಂಚಿನಲ್ಲಿ "ಒಪ್ಪಿಗೆ ಇಲ್ಲ" ಎಂದು ಹಿಂದಿಯಲ್ಲಿ ಬರೆದರು. ಅಭ್ಯಾಸಬಲದಿಂದ ಕೆಳಗೆ ತಾರೀಖನ್ನೂ ಹಾಕಿದರು.

"ಡ್ರಾಫ್ಟಿನಲ್ಲಿ ವಾಸ್ತವಾಂಶ ತಪ್ಪಿದೆ" ಎಂದು ಹೇಳಿ ಎದ್ದರು. ಅಲ್ಲಿಂದ ಸೀದಾ ಠಾಣೆಗೆ ಹೋದೆವು.

ಗೆದ್ದದ್ದು ನನ್ನ ಚೆಂಡಿನ ಪ್ರಶ್ನೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಂಕ್ ಪ್ಯಾಡು ಎನ್ನುತ್ತಾರೆ ಅಮ್ಮ. ಈ ವಾದ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಹುಡುಗ ಕ್ರೀಡಾ ಕೋಟಾದ ಆಯ್ಕೆಗೆ ಹೋಗಲೇ ಇಲ್ಲ. ಸುದ್ದಿ ತಿಳಿದ ದಿನ ನಾನು ಸ್ವೀಟು ತಂದೆ. ಅಪ್ಪ ತಿನ್ನಲಿಲ್ಲ. ಮೂಳೆ ಕೂಡಿದೆ, ಆದರೆ ಮಣಿಕಟ್ಟು ಸ್ಕೂಟರಿನ ಆಕ್ಸಿಲರೇಟರ್ ತಿರುಗಿಸುವಷ್ಟು ತಿರುಗುವುದಿಲ್ಲ. ಸ್ಕೂಟರ್ ಮಾರಿದೆವು. ಅದು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅವನ ಕಾರೇ ನಿಲ್ಲುತ್ತದೆ. ಹುಡುಗನನ್ನು ಕ್ಷಮಿಸು, ವಯಸ್ಸು ಚಿಕ್ಕದು ಎನ್ನುವವರನ್ನು ನಾನು ಆ ಬಾಲ್ಕನಿಗೆ ಕರೆದುಕೊಂಡು ಹೋಗಿ ಕೆಳಗೆ ನೋಡಿ ಎನ್ನುತ್ತೇನೆ.

ಕೇಸು ನಡೆಯುತ್ತಿದೆ. ಪ್ರತಿ ತಾರೀಖಿಗೂ ಆಫೀಸಿಗೆ ರಜೆ ಹಾಕಿ ತೀಸ್ ಹಜಾರಿ ಕೋರ್ಟಿಗೆ ಅಪ್ಪನ ಜೊತೆ ಹೋಗುತ್ತೇನೆ. ಹುಡುಗ ಬೆಳಿಗ್ಗೆಯಿಂದ ಬೆಂಚಿನ ತುದಿಯಲ್ಲಿ ಕೂತು ತನ್ನ ಹೆಸರು ಕೂಗುವುದನ್ನು ಕಾಯಬೇಕು. ನಾನು ಅವನಿಗೆ ನೇರ ಎದುರಿನ ಜಾಗವನ್ನೇ ಹುಡುಕಿ ಕೂರುತ್ತೇನೆ. ಅವನು ಮೊಬೈಲು ನೋಡುತ್ತಾನೆ, ಗೋಡೆ ನೋಡುತ್ತಾನೆ, ಕೊನೆಗೆ ನೋಡಲು ನಾನೇ ಉಳಿಯುತ್ತೇನೆ. ಮುಂದಿನ ತಾರೀಖು ಬಿದ್ದಾಗ ವಕೀಲರು ನಿಟ್ಟುಸಿರು ಬಿಡುತ್ತಾರೆ. ನನಗೆ ಬೇಸರವಿಲ್ಲ. ಎಷ್ಟು ತಾರೀಖುಗಳನ್ನಾದರೂ ಕೊಡಲಿ.

ಮಧ್ಯಾಹ್ನ ಅಂಕಲ್ ಕಾರಿಡಾರಿಗೆ ಎಲ್ಲರಿಗೂ ಚಹಾ ತರಿಸುತ್ತಾರೆ. "ಲೀಜಿಯೇ ಭಾಯಿಸಾಬ್" ಎಂದು ಅಪ್ಪನ ಎಡಗೈಗೆ ಲೋಟ ಕೊಡುತ್ತಾರೆ. ಅಪ್ಪ ತೆಗೆದುಕೊಂಡು ಊದಿ ಕುಡಿಯುತ್ತಾರೆ, ಸಕ್ಕರೆ ಜಾಸ್ತಿಯಾಯಿತು ಎಂದೂ ಹೇಳುತ್ತಾರೆ. ನನ್ನ ಲೋಟ ಬೆಂಚಿನ ಮೇಲೆ ಕೆನೆ ಕಟ್ಟುವವರೆಗೆ ಹಾಗೇ ಇರುತ್ತದೆ.